ಮುಂಡಗೋಡದಾಕಿ ನಾನು



ಸಿದ್ದಿಗಳನ್ನು ವಾರ್ಷಿಕೋತ್ಸವಕ್ಕೆ ಕರೆದರೆ ಸಾಮಾನ್ಯವಾಗಿ ಡಮಾಮಿ ಬಾರಿಸಿ ಕುಣಿಯಲು ಕರೆಯುತ್ತಾರೆ. ಗೋವಾದಲ್ಲಿ ಬದುಕು ಕಟ್ಟಿಕೊಂಡಿರುವ ನೀವು ಮಾತಾಡಲು ಕರೆದಿರಿ. ಒಳ್ಳೆಯದೇ ಆಯಿತು, ನನಗೆ ಕುಣಿಯಲು ಬರುವುದಿಲ್ಲ. ನಾನು ಪ್ರಾಥಮಿಕ ಶಾಲೆಯ ಅಕ್ಕೋರು.

ಗೋವಾದಲ್ಲಿ ನಿಂತು ಮಾತಾಡುವುದು ನನಗೆ ಸಣ್ಣ ಸಂಗತಿಯಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಇಲ್ಲಿಂದಲೇ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಅತ್ತ ಕಲಘಟಗಿ, ಖಾನಾಪುರ ನಮ್ಮ ಸೀಮೆ. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ. ಇವತ್ತು ಮಡಗಾಂವ್ ಬಸ್ ಸ್ಟ್ಯಾಂಡಿನಲ್ಲಿ ಕೊಂಕಣಿಯಲ್ಲೇ ಚಹಾ ಕೇಳಿದೆ. ಅಂಗಡಿಯಾತ ಪಕ್ಕದವನಿಗೆ, ಈ ನೈಜೀರಿಯಾದಾಕಿಗೆ ಕೊಂಕಣಿ ಯಾರು ಕಲಿಸಿದರಪ್ಪಾ ಅಂದ. ಅದನ್ನೂ ಕೊಂಕಣಿಯಲ್ಲೇ ಅಂದ!

ಮುಂಡಗೋಡ ತಾಲೂಕು ದಾಟಿದರೆ ಹಾನಗಲ್ಲು, ಅಂದರೆ ಹಾವೇರಿ ಜಿಲ್ಲೆ. ಆದರೂ ಅದೇ ಜಿಲ್ಲೆಯ ಬ್ಯಾಡಗಿಯಲ್ಲಿ ನೌಕರಿಗೆ ಹಾಜರಾದ ಹೊಸತರಲ್ಲಿ "ಯಾವ ದೇಶದಾಕಿ ಯವ್ವಾ ನೀ?" ಅಂತ ಕೇಳದವರಿಲ್ಲ. ಮುಂಡಗೋಡದಾಕಿ ಅಂದರೆ ನಂಬುತ್ತಿರಲಿಲ್ಲ. ನಾನೇನೋ ನಕ್ಕು ಸುಮ್ಮನಾಗುತ್ತಿದ್ದೆ. ಮಕ್ಕಳಿಗೆ ಅದು ಆಗುವುದಿಲ್ಲ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ "ಘಾಟಿ" ಎಂದು ಹೀಯಾಳಿಸಿಕೊಂಡು ಶಾಲೆಯಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದ ಮಕ್ಕಳನ್ನು ನೀವೂ ಕಂಡಿದ್ದೀರಿ.

ಬ್ಯಾಡಗಿಯಲ್ಲಿ ನನ್ನನ್ನು ಒಳಗೆ ಕರೆದುಕೊಂಡವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ಸುಗ್ಗಿಯಲ್ಲಿ ಓಣಿಗೆ ಓಣಿಯೇ ಸೀನುತ್ತಿರುತ್ತದೆ. ಸಂಜೆ ಅವರ ಜೊತೆ ಕಟ್ಟೆ ಮೇಲೆ ಕೂತು ನಾನೂ ಸೀನಿದೆ. ಬಸುರಿಯಾದಾಗ ನನ್ನವ್ವ ಹೊಲಿದು ಕಳಿಸಿದ ಕೌದಿಯನ್ನು ಅವರು ತಿರುವಿ ಮುರುವಿ ನೋಡಿದರು. ನಮ್ಮವರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕೂ ಮೂಲೆಗೆ ಬಟ್ಟೆಯ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಅನ್ನುವುದು ನಮ್ಮ ಕಡೆಯ ಮಾತು. ಮುಂದಿನ ವಾರವೇ ಪಕ್ಕದ ಮನೆಯ ಕೌದಿಯ ಮೂಲೆಗೂ ಹೂವು ಬಂತು.

ಆಮೇಲೆ ನಾವಿದ್ದ ರಾಣೆಬೆನ್ನೂರಿನದು ಮಗಳ ಕೂದಲಿನ ಕಥೆ. ಶಾಲೆಯಲ್ಲಿ ಅವಳ ಗುಂಗುರು ಮುಟ್ಟಿ ನೋಡಲು ಪಾಳಿ ಹಚ್ಚುತ್ತಿದ್ದರು. ನಾನು ನಸುಕಿನಲ್ಲೇ ಪರೀಕ್ಷೆ ಕೆಲಸಕ್ಕೆ ಹೊರಟ ದಿನ ಎದುರುಮನೆಯ ಅಕ್ಕಾರು ಜಡೆ ಹಾಕಲು ಹೋಗಿ ಬಾಚಣಿಗೆಯ ಹಲ್ಲು ಮುರಿದುಕೊಂಡರು. ಮರುದಿನ ಬಂದು, "ಅಕ್ಕೋರ, ನಂಗೂ ಕಲಸ್ರಿ" ಅಂದರು. ಕೂದಲು ಒದ್ದೆ ಮಾಡಿ, ಎಣ್ಣೆ ಹಚ್ಚಿ, ತುದಿಯಿಂದ ಸಿಕ್ಕು ಬಿಡಿಸುತ್ತಾ ಬುಡಕ್ಕೆ ಬರಬೇಕು. ಕಲಿತರು. ಆಮೇಲೆ ಮಗಳು ನನ್ನ ಕೈಯ ಜಡೆಯನ್ನೇ ಒಲ್ಲೆ ಅನ್ನತೊಡಗಿದಳು!

ಇಷ್ಟೇ ಸಾಕೇ ಅಂದರೆ, ಸಾಲದು. ಎಷ್ಟೇ ಪ್ರೀತಿಯ ಓಣಿಯಾದರೂ ಮಕ್ಕಳಿಗೆ ತಮ್ಮಂಥ ಮುಖಗಳು ಕಾಣಬೇಕು. ಅದಕ್ಕೇ ಯಲ್ಲಾಪುರದ ಕಡೆಯ ಸಾತುಂಬೈಲಿಗೆ, ನಮ್ಮವರ ಸಿದ್ದಿನಾಸ್ ಜಾತ್ರೆಗೆ ಅವರನ್ನು ಕರೆದೊಯ್ಯುತ್ತೇನೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದೇವೆ, ಜಾತ್ರೆಗೆ ಎಲ್ಲರೂ ಸೇರುತ್ತೇವೆ. 2011ರ 'ಪರಮಾತ್ಮ' ಸಿನಿಮಾ ಟಿವಿಯಲ್ಲಿ ಬಂದರೆ ನಮ್ಮವರೇ ಆದ ನಟ ಪ್ರಶಾಂತ್ ಸಿದ್ದಿ ತೆರೆಗೆ ಬರುವವರೆಗೂ ನನ್ನ ಮಗ ಏಳುವುದಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ದಿನ ನಮ್ಮ ಮನೆಯಲ್ಲಿ ಹೋಳಿಗೆ.

ಸರ್ಕಾರದ ಕಾಗದದ ಕಥೆ ಬೇರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, 2020ರಲ್ಲಿ ಧಾರವಾಡ, ಬೆಳಗಾವಿಯವರಿಗೂ. ಪಟ್ಟಿಯಲ್ಲಿ ಹಾವೇರಿಯ ಹೆಸರಿಲ್ಲ. ಹಾಗಾಗಿ ಹಾವೇರಿಯಲ್ಲಿ ಓದುವ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಗಂಡನ ಊರಿನ ಹಳೇ ದಾಖಲೆ ಹಿಡಿದು ಓಡಾಡಿದೆವು. ಯಾವ ದೇಶದವರು ಎಂಬ ಪ್ರಶ್ನೆಗಿಂತ ಯಾವ ಜಿಲ್ಲೆಯವರು ಎಂಬುದೇ ನಮ್ಮನ್ನು ಹೆಚ್ಚು ಸುಸ್ತು ಮಾಡಿತು.

2023ರ ಜನವರಿಯಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನದಲ್ಲಿ ಒಬ್ಬ ಹಿರಿಯರು ಮಗಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದರು. ಅವಳು, "ಊಟದ ಪಾಳಿ ಆ ಕಡೆ ಐತ್ರಿ ಅಜ್ಜಾರ" ಅಂದಳು. ಅಜ್ಜ ನಕ್ಕು ಅವಳ ಕೈ ಹಿಡಿದುಕೊಂಡೇ ಪಾಳಿಗೆ ಹೋದರಂತೆ.

ಸಂಘದವರಲ್ಲಿ ಒಂದು ಬೇಡಿಕೆ. ಮುಂದಿನ ವರ್ಷ ನಮ್ಮ ಮಕ್ಕಳನ್ನು ಕರೆಯಿರಿ. ಡಮಾಮಿ ಬಾರಿಸಲಿ, ಬೇಡ ಅನ್ನುವುದಿಲ್ಲ. ಅವರನ್ನು ಚರ್ಚಾಸ್ಪರ್ಧೆಗೂ ನಿಲ್ಲಿಸಿರಿ. ರಾತ್ರಿ ಲಾಡ್ಜ್ ಮಾಡಬೇಡಿ, ನಿಮ್ಮ ಮಕ್ಕಳ ಜೊತೆ ನಿಮ್ಮ ಮನೆಗಳಲ್ಲೇ ಇರಿಸಿಕೊಳ್ಳಿರಿ. ಬಸ್ ಚಾರ್ಜು ನಾವೇ ಹಾಕಿಕೊಂಡು ಬರುತ್ತೇವೆ.