ಹಡಗಿನ ಅಂಚೆ, ಕೈದಿಯ ಕಾರ್ಡು



ಸಮುದ್ರ ಕಾಣದ ಸೀಮೆ ನಮ್ಮದು. ಕೊರಟಗೆರೆಯಿಂದ ಪಡುವಣಕ್ಕೆ ಹೊರಟರೆ ಮಂಗಳೂರು, ಮೂಡಣಕ್ಕೆ ಹೊರಟರೆ ಮದರಾಸು. ಯಾವ ದಿಕ್ಕು ಹಿಡಿದರೂ ಹಗಲೆಲ್ಲ ದಾರಿ ಸವೆಸದೆ ಅಲೆಯ ಸದ್ದು ಕಿವಿಗೆ ಬೀಳುವುದಿಲ್ಲ. ಇಲ್ಲಿ ಕೂತುಕೊಂಡು ಜರ್ಮನ್ ಯುದ್ಧನೌಕೆಗಳ ಅಂಚೆಯನ್ನೂ ಜರ್ಮನ್ ಸೈನಿಕರು ಬರೆದ ಕಾರ್ಡುಗಳನ್ನೂ ಹುಡುಕಿ ಕೂಡಿಡುತ್ತೇನೆ. ಇದೇನು ಹುಚ್ಚು ಎಂದು ಕೇಳಿದವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಆ ಅಂಚೆಯ ದಾರಿ ನಮ್ಮ ಕನ್ನಡ ನಾಡಿನೊಳಗೂ ಹಾದುಹೋಗಿದೆ.

ಮೊದಲು ಕಾರ್ಡಿನ ಹುಟ್ಟು. ಲಕೋಟೆ ಬೇಡದ, ಬಿಚ್ಚು ಕಾಗದದ ಅಂಚೆ ಬೇಕೆಂದು 1865ರಲ್ಲೇ ಸೂಚಿಸಿದವರು ಪ್ರಷ್ಯದ ಅಂಚೆ ಅಧಿಕಾರಿ ಹೈನ್ರಿಖ್ ಫಾನ್ ಸ್ಟೆಫಾನ್. ಅವರ ಮಾತು ಆಗ ನಡೆಯಲಿಲ್ಲ. 1869ರ ಅಕ್ಟೋಬರ್ 1ರಂದು ಆಸ್ಟ್ರಿಯ ಮೊದಲ ಕಾರ್ಡು ಹೊರಡಿಸಿತು. ಮರುವರ್ಷ ಜುಲೈಯಲ್ಲಿ ಉತ್ತರ ಜರ್ಮನಿಗೂ ಅದು ಬಂತು. ಅದೇ ತಿಂಗಳು ಫ್ರಾನ್ಸಿನೊಡನೆ ಯುದ್ಧ ಶುರುವಾಯಿತು. ಸೈನಿಕರ ಕೈಗೆ ಕಾರ್ಡು ಸಿಕ್ಕಿದ್ದೇ ತಡ, ಮನೆಗೆ ಬರೆಯುವುದು ಊಟ ನಿದ್ರೆಗಳಂತೆ ಅವರ ದಿನಚರಿಗೆ ಸೇರಿತು. ನಮ್ಮ ದೇಶಕ್ಕೆ ಕಾಲಾಣೆಯ ಕಾರ್ಡು ಬಂದದ್ದು 1879ರ ಜುಲೈಯಲ್ಲಿ. ಆಗ ನಮ್ಮ ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆಯೇ ಇನ್ನೂ ಓಡಾಡುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು.

ಜರ್ಮನ್ ಸೈನಿಕನ ಅಂಚೆಗೆ ಫೆಲ್ಡ್‌ಪೋಸ್ಟ್ ಎಂದು ಹೆಸರು. ಯುದ್ಧಕಾಲದಲ್ಲಿ ಕಾರ್ಡಿಗೂ ಹಗುರವಾದ ಕಾಗದಕ್ಕೂ ಅವನು ಒಂದು ಕಾಸೂ ಕೊಡಬೇಕಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ನಾಲ್ಕು ವರ್ಷಗಳಲ್ಲಿ ರಣರಂಗಕ್ಕೂ ಮನೆಗಳಿಗೂ ನಡುವೆ 2,800 ಕೋಟಿಗೂ ಹೆಚ್ಚು ಕಾಗದ, ಕಾರ್ಡು, ಪೊಟ್ಟಣಗಳು ಓಡಾಡಿದವೆಂದು ಲೆಕ್ಕ. ಅದಕ್ಕೇ ಆ ಕಾರ್ಡುಗಳು ಇವತ್ತಿಗೂ ದುಬಾರಿಯಲ್ಲ.

ಅಂಥದೊಂದು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಬಲಮೂಲೆಯಲ್ಲಿ ಅಂಚೆಚೀಟಿ ಇರಬೇಕಾದ ಜಾಗ ಖಾಲಿ. ಮೇಲೆ ಫೆಲ್ಡ್‌ಪೋಸ್ಟ್ ಎಂಬ ಅಚ್ಚು ಅಥವಾ ಕೈಬರಹ, ಪಕ್ಕದಲ್ಲಿ ದುಂಡನೆಯ ಠಸ್ಸೆ, ಅದರ ಮಗ್ಗುಲಲ್ಲಿ ಪಲ್ಟಣದ ಮೊಹರು. ಬರವಣಿಗೆ ಬಹುಮಟ್ಟಿಗೆ ಪೆನ್ಸಿಲ್ಲಿನದು. ಶಾಯಿ ಮಳೆಗೆ ಕದಡುತ್ತದೆ, ಪೆನ್ಸಿಲ್ ನಿಲ್ಲುತ್ತದೆ. ಅಕ್ಷರಗಳು ಹಳೆಯ ಜರ್ಮನ್ ಮೋಡಿ. ಇವತ್ತಿನ ಜರ್ಮನ್ ಹುಡುಗರಿಗೇ ಓದಲು ಬರುವುದಿಲ್ಲ. ತಿಳಿದವರಿಂದ ಓದಿಸಿಕೊಂಡರೆ ಸಿಗುವುದು ದೊಡ್ಡ ರಹಸ್ಯವೇನಲ್ಲ: ನಾನು ಆರೋಗ್ಯ, ನೀವೂ ಆರೋಗ್ಯವೆಂದು ನಂಬಿದ್ದೇನೆ, ಪೊಟ್ಟಣ ತಲುಪಿತು, ಕಾಲುಚೀಲ ಕಳಿಸಿ. ಉಭಯ ಕುಶಲೋಪರಿ ಎಂದು ಶುರುವಾಗುತ್ತಿದ್ದ ನಮ್ಮ ಕಾಗದಗಳಲ್ಲೂ ಇದಕ್ಕಿಂತ ಬೇರೆ ಸಂಗತಿ ಇರುತ್ತಿರಲಿಲ್ಲ. ಕಾರ್ಡಿನ ಚರಿತ್ರೆ ಅದರ ಮೈಮೇಲೆ ಬಿದ್ದ ಮುದ್ರೆಗಳಲ್ಲಿದೆ. ಎಲ್ಲಿ ಹೊರಟಿತು, ಯಾರು ತಡೆದು ಓದಿದರು, ಎಷ್ಟು ದಿನ ತೆಗೆದುಕೊಂಡಿತು ಎಂಬುದನ್ನು ಅವು ಹೇಳುತ್ತವೆ. ಬರೆದವನು ಹೇಳಲಾರದೆ ಉಳಿಸಿಕೊಂಡದ್ದನ್ನು ಎಷ್ಟೋ ಸಲ ಠಸ್ಸೆಯೇ ಹೇಳಿಬಿಡುತ್ತದೆ.

ಹಡಗಿನ ಅಂಚೆಯಲ್ಲಿ ಈ ಮಾತು ಇನ್ನೂ ನಿಜ. ಪರದೇಶದ ನೀರಿನಲ್ಲಿರುವ ಯುದ್ಧನೌಕೆಗಳಿಗೆಂದು 1895ರಲ್ಲಿ ಜರ್ಮನಿ ಹಡಗಿನೊಳಗೇ ಅಂಚೆ ಕಚೇರಿ ತೆರೆಯಿತು. ನಾವಿಕರಲ್ಲೇ ಒಬ್ಬನಿಗೆ ಆ ಕೆಲಸ ವಹಿಸುತ್ತಿದ್ದರು. ದೂರದ ಚೀನಾ ಸಮುದ್ರದಿಂದ ಬರೆದರೂ ಊರೊಳಗಿನ ದರವೇ ಸಾಕು, ಕಾರ್ಡಿಗೆ ಐದು ಫೆನಿಗ್. ಮನೆಯವರು ಹಡಗಿನ ಹೆಸರು ಬರೆದು ಬರ್ಲಿನ್ನಿಗೆ ಕಳಿಸಿದರಾಯಿತು, ಹಡಗು ಯಾವ ಬಂದರಿನಲ್ಲಿದೆ ಎಂಬುದನ್ನು ಅಲ್ಲಿನ ನೌಕಾ ಅಂಚೆ ಕಚೇರಿ ನೋಡಿಕೊಳ್ಳುತ್ತಿತ್ತು. ಹಡಗಿನ ಅಂಚೆಯ ಠಸ್ಸೆಯಲ್ಲಿ ಹಡಗಿನ ಹೆಸರಿರುವುದಿಲ್ಲ, ನಂಬರು ಮಾತ್ರ. ಒಂದೇ ನಂಬರು ಇವತ್ತು ಒಂದು ಹಡಗಿನದು, ಕೆಲವು ವರ್ಷದ ಮೇಲೆ ಇನ್ನೊಂದರದು. ನಂಬರನ್ನೂ ತಾರೀಖನ್ನೂ ಜೋಡಿಸಿ, ಆ ದಿನ ಯಾವ ಹಡಗು ಎಲ್ಲಿತ್ತು ಎಂದು ಪಟ್ಟಿ ನೋಡಿ ಕಂಡುಹಿಡಿಯಬೇಕು. ಈ ಕೆಲಸದ ರುಚಿ ಹತ್ತಿದವರು ಬಿಡುವುದಿಲ್ಲ.

ಇಂಥ ಹಡಗುಗಳಲ್ಲಿ ಭಾರತದವರಿಗೆ ಚೆನ್ನಾಗಿ ಗೊತ್ತಾದದ್ದು ಎಂಡನ್. ಚೀನಾದ ಚಿಂಗ್‌ಟಾವ್ ಬಂದರಿನಲ್ಲಿ ನೆಲೆಸಿದ್ದ ಈ ನೌಕೆ 1914ರಲ್ಲಿ ಯುದ್ಧ ಆರಂಭವಾದ ಮೇಲೆ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲ್ಲರ್ ಕೈಯಲ್ಲಿ ಒಂಟಿಯಾಗಿ ಬಂಗಾಳ ಕೊಲ್ಲಿಗೆ ನುಗ್ಗಿತು. ಬ್ರಿಟಿಷ್ ಹಡಗಿನಂತೆ ಕಾಣಲೆಂದು ಸುಳ್ಳು ಹೊಗೆಗೊಳವೆಯೊಂದನ್ನು ನಿಲ್ಲಿಸಿಕೊಂಡಿತ್ತು. ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಸುರಿಸಿತು. ಬಂದರಿನ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು, ಜನ ಊರು ಬಿಟ್ಟು ಓಡಿದರು. ಬಂಗಾಳ ಕೊಲ್ಲಿಯ ಹಡಗು ಸಂಚಾರವೇ ಅಸ್ತವ್ಯಸ್ತವಾಯಿತು. ಹಡಗು ನಿಂತರೆ ಅಂಚೆಯೂ ನಿಲ್ಲುತ್ತದೆ.

ಅಂಚೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಂಡನ್ನಿನದೇ ಒಂದು ಪ್ರಸಂಗವಿದೆ. ಅಕ್ಟೋಬರ್ ಎರಡನೆಯ ವಾರ ಅದು ಕಲ್ಲಿದ್ದಲು ತುಂಬಿಕೊಳ್ಳಲು ಡಿಯಾಗೊ ಗಾರ್ಸಿಯಾ ದ್ವೀಪಕ್ಕೆ ಹೋಯಿತು. ಅದು ಬ್ರಿಟಿಷರ ದ್ವೀಪ. ಆದರೆ ಮಾರಿಷಸ್ಸಿನಿಂದ ಅಪರೂಪಕ್ಕೆ ಬರುವ ಹಡಗು ಬಂದಿರಲಿಲ್ಲವಾಗಿ ಯುದ್ಧ ಶುರುವಾದ ಸುದ್ದಿಯೇ ಅಲ್ಲಿಗೆ ಮುಟ್ಟಿರಲಿಲ್ಲ. ದ್ವೀಪದವರು ಶತ್ರುಗಳನ್ನು ಅತಿಥಿಗಳೆಂದು ಬರಮಾಡಿಕೊಂಡರು. ಜರ್ಮನ್ನರು ಅಲ್ಲಿನ ತೋಟದ ಅಧಿಕಾರಿಯ ಕೆಟ್ಟುಹೋದ ಮೋಟರ್ ದೋಣಿಯನ್ನು ರಿಪೇರಿ ಮಾಡಿಕೊಟ್ಟು ಹೊರಟರು. ಒಂದು ತಿಂಗಳೊಳಗೆ, ನವೆಂಬರ್ 9ರಂದು, ಕೊಕೊಸ್ ದ್ವೀಪದ ಬಳಿ ಆಸ್ಟ್ರೇಲಿಯದ ಸಿಡ್ನಿ ನೌಕೆಯ ಗುಂಡಿಗೆ ಎಂಡನ್ ಸಿಕ್ಕಿತು. ಬದುಕಿ ಉಳಿದ ನಾವಿಕರಲ್ಲಿ ಬಹಳ ಮಂದಿ ಕೈದಿಗಳಾಗಿ ಮಾಲ್ಟಾ ಸೇರಿದರು. ಅಲ್ಲಿಂದ ಮೇಲೆ ಅವರು ಬರೆದದ್ದು ಕೈದಿಯ ಅಂಚೆ. ಎಂಡನ್ ಹೆಸರಿಗೆ ಬೆಲೆ ಹೆಚ್ಚು, ಹಾಗಾಗಿ ನಕಲಿಯ ಭಯವೂ ಹೆಚ್ಚು. ಠಸ್ಸೆ ಚೀಟಿಯ ಮೇಲೂ ಕಾರ್ಡಿನ ಮೇಲೂ ಒಂದೇ ಸಮನೆ ಹರಿದಿದೆಯೇ, ತಾರೀಖಿಗೂ ಹಡಗಿದ್ದ ಜಾಗಕ್ಕೂ ತಾಳೆಯಾಗುತ್ತದೆಯೇ ಎಂದು ನೋಡದೆ ದುಡ್ಡು ಕೊಡಬಾರದು.

ಈಗ ಮಂಗಳೂರಿಗೆ ಬರೋಣ. 1834ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ಕೊಟ್ಟ ಮೋಗ್ಲಿಂಗ್, ನಿಘಂಟು ಕೊಟ್ಟ ಕಿಟ್ಟೆಲ್ ಇಬ್ಬರೂ ಈ ಮಿಶನ್ನಿನವರು, ಜರ್ಮನ್ನರು. ಬಾಸೆಲ್ ಊರೇನೋ ಸ್ವಿಟ್ಜರ್ಲೆಂಡಿನದು, ಆದರೆ ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. 1914ರಲ್ಲಿ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರು ಶತ್ರುಗಳಾದರು. ಕನ್ನಡ ಕಲಿತು, ಕನ್ನಡದಲ್ಲಿ ಪಾಠ ಹೇಳುತ್ತಿದ್ದ ಜನ ಅಹಮದ್‌ನಗರದ ಶಿಬಿರದಲ್ಲಿ ಮುಳ್ಳುತಂತಿಯ ಹಿಂದೆ ಕೂತರು. ಹೆಂಗಸರು ಮಕ್ಕಳಿಗೆ ಬೆಳಗಾವಿಯಲ್ಲಿ ಶಿಬಿರವಾಯಿತು. ಮುಂದೆ ಅಹಮದ್‌ನಗರಕ್ಕೆ ಪೂರ್ವ ಆಫ್ರಿಕದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರೂ ಬಂದರು. 1907ರ ಹೇಗ್ ಒಪ್ಪಂದದ ಪ್ರಕಾರ ಯುದ್ಧಕೈದಿಯ ಕಾಗದಕ್ಕೆ ಅಂಚೆಚೀಟಿ ಬೇಡ. ಹಾಗಾಗಿ ಆ ಕಾರ್ಡುಗಳ ಮೇಲೆ ಕಾಣುವುದು ಯುದ್ಧಕೈದಿ ಎಂಬ ಒಕ್ಕಣೆ, ಸೆನ್ಸಾರಿನ ಮೊಹರು, ಅಂಚೆಯ ಠಸ್ಸೆ. 1915ರ ಕೊನೆಗೂ 1916ರಲ್ಲೂ ಗೋಲ್ಕೊಂಡ ಎಂಬ ಹಡಗು ಮಿಶನರಿಗಳನ್ನೂ ಅವರ ಸಂಸಾರಗಳನ್ನೂ ಹೇರಿಕೊಂಡು, ಆಫ್ರಿಕದ ತುದಿ ಬಳಸಿ, ಯುರೋಪಿಗೆ ಒಯ್ದಿತು. ಬೆಳಗಾವಿಯ ಶಿಬಿರದ ಒಂದು ಕಾರ್ಡು ಕಣ್ಣಾರೆ ಕಂಡರೆ ಸಾಕೆಂಬ ಆಸೆ ನನಗೆ ಇವತ್ತಿಗೂ ಇದೆ. ನಮ್ಮ ನೆಲದಿಂದಲೇ ಹೊರಟ ಕೈದಿಯ ಅಂಚೆ ಅದು.

ಇತ್ತ ನಮ್ಮ ಕಡೆಯವರೂ ಯುದ್ಧಕ್ಕೆ ಹೋಗಿದ್ದರು. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ಎದುರಿಗಿದ್ದ ತುರ್ಕಿ ಸೈನ್ಯದಲ್ಲಿ ಜರ್ಮನ್, ಆಸ್ಟ್ರಿಯನ್ ಸೈನಿಕರೂ ಇದ್ದರು. ಹೈಫಾದಲ್ಲಿ 1868ರಿಂದ ಒಂದು ಜರ್ಮನ್ ಕೇರಿಯೇ ಇತ್ತು. ಅದನ್ನು ಕಟ್ಟಿದವರೂ ವ್ಯುರ್ಟೆಂಬರ್ಗಿನವರೇ. ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಮುನಿರೆಡ್ಡಿಪಾಳ್ಯದಲ್ಲಿದೆ.

ಆದರೆ ಆ ಸವಾರರು ಮನೆಗೆ ಬರೆದ, ಬರೆಸಿದ ಕಾಗದಗಳೆಲ್ಲಿ? ಭಾರತೀಯ ಸೈನಿಕರ ಅಂಚೆಗೆ ಐ.ಇ.ಎಫ್. ಎಂದು ಮೇಲಚ್ಚು ಹಾಕಿದ ಚೀಟಿಗಳೇ ಇದ್ದವು, ರಣರಂಗದ ಅಂಚೆ ಕಚೇರಿಗಳ ಠಸ್ಸೆಗಳಿದ್ದವು. ಫ್ರಾನ್ಸಿನಲ್ಲಿದ್ದ ಭಾರತೀಯರ ಕಾಗದಗಳಿಂದ ಸೆನ್ಸಾರಿನವರು ತೆಗೆದಿಟ್ಟ ಸಾಲುಗಳು ಲಂಡನ್ನಿನಲ್ಲಿ ಉಳಿದಿವೆ. ಮನೆಗಳಲ್ಲಿ ಉಳಿದದ್ದು ತೀರಾ ಕಡಿಮೆ. ಬಂದ ಕಾಗದವನ್ನು ಓದಿಸಿಕೊಂಡು ಗೋಡೆಯ ಕೊಕ್ಕೆತಂತಿಗೆ ಸಿಕ್ಕಿಸುವುದು ನಮ್ಮ ವಾಡಿಕೆಯಾಗಿತ್ತು. ತಂತಿ ತುಂಬಿದರೆ ಒಲೆಗೆ. ಸಾವಿನ ಸುದ್ದಿಯ ಕಾಗದವನ್ನು ಹೊಸಿಲೊಳಗೆ ಇಟ್ಟುಕೊಳ್ಳುತ್ತಲೇ ಇರಲಿಲ್ಲ, ಓದಿದ ಕೂಡಲೇ ಹರಿದುಹಾಕುವುದು. ಯುದ್ಧದ ಮುಖ್ಯವಾದ ಕಾಗದವೇ ಹೀಗೆ ಹೋಯಿತು. ಜರ್ಮನ್ ಕಾರ್ಡು ಹಿಡಿದಾಗಲೆಲ್ಲ ನನಗೆ ಈ ಸಂಕಟ ತಪ್ಪಿದ್ದಲ್ಲ.

ಎರಡನೆಯ ಯುದ್ಧದ ಸಂಗತಿ ಚುಟುಕಾಗಿ ಹೇಳುತ್ತೇನೆ. 1939ರಲ್ಲಿ ಎಹ್ರೆನ್‌ಫೆಲ್ಸ್ ಮೊದಲಾದ ಮೂರು ಜರ್ಮನ್ ಸರಕು ಹಡಗುಗಳು ಕಾರವಾರದ ಆಚೆಗಿನ ಮುರ್ಮಗೋವಾದಲ್ಲಿ, ತಟಸ್ಥ ಪೋರ್ಚುಗಲ್ಲಿನ ನೀರಿನಲ್ಲಿ, ಆಶ್ರಯ ಪಡೆದವು. 1943ರ ಮಾರ್ಚಿನಲ್ಲಿ ಕಲ್ಕತ್ತೆಯಿಂದ ಗುಟ್ಟಾಗಿ ಬಂದ ಬ್ರಿಟಿಷರ ತಂಡ ಎಹ್ರೆನ್‌ಫೆಲ್ಸ್ ಮೇಲೆ ಬಿದ್ದಾಗ ನಾವಿಕರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಬರ್ಲಿನ್ನಿನಲ್ಲಿ ಅಚ್ಚಾದ ಆಜಾದ್ ಹಿಂದ್ ಚೀಟಿಗಳೂ ಇದೇ ಕಾಲದವು. ಅವು ಅಂಚೆಯಲ್ಲಿ ಚಲಾವಣೆಗೆ ಬರಲೇ ಇಲ್ಲ. ಈ ಕಾಲದ ಜರ್ಮನ್ ಕಾರ್ಡುಗಳಲ್ಲಿ ನಾಜಿ ಚಿಹ್ನೆ, ಹಿಟ್ಲರನ ಚಿತ್ರ ಇರುವುದಕ್ಕೆ ವ್ಯಾಪಾರಿಗಳು ಹೆಚ್ಚು ಬೆಲೆ ಹೇಳುತ್ತಾರೆ. ನಾನು ಅವನ್ನು ಕೊಳ್ಳುವುದಿಲ್ಲ. ಚರಿತ್ರೆಗೆಂದು ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಆದರೆ ಆ ಚಿಹ್ನೆಯ ಕೆಳಗೆ ಸತ್ತವರ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಕೊನೆಗೆ ಒಂದು ಕೋರಿಕೆ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡದ ಮನೆಗಳ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಸೈನ್ಯದಿಂದ ಬಂದ ಕಾಗದ ಇದ್ದರೂ ಇರಬಹುದು. ಚೀಟಿಯನ್ನು ನೀರಿಗೆ ಹಾಕಿ ಬಿಡಿಸಬೇಡಿ, ಲಕೋಟೆ ಬಿಸಾಡಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ, ಹರಿದ ಕಡೆ ಟೇಪು ಅಂಟಿಸಬೇಡಿ. ಬರೆದವರು ಯಾರು, ಯಾರಿಗೆ ಬರೆದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಗುಜರಿಗೆ ಹಾಕುವ ಮುಂಚೆ ಬೆಂಗಳೂರಿನ ರಾಜ್ಯ ಪತ್ರಾಗಾರದವರಿಗೋ ಅಂಚೆಚೀಟಿ ಸಂಗ್ರಹದಲ್ಲಿ ನುರಿತವರಿಗೋ ಒಮ್ಮೆ ತೋರಿಸಿ.