ಪ್ರತಿ ಮನೆಗೂ ಮೂರು ನಲ್ಲಿ



1971ರಲ್ಲಿ ಒಡಿಶಾಕ್ಕೆ ಚಂಡಮಾರುತ ಬಡಿದಾಗ ಮದರಾಸಿನ ವಿದ್ಯಾರ್ಥಿಗಳ ತಂಡವೊಂದು ನೆರವಿಗೆ ಹೋಯಿತು. ಅದರಲ್ಲಿದ್ದ ಕೇರಳದ ಜೋ ಮಡಿಯತ್ ಅಲ್ಲಿಯೇ ಉಳಿದರು. 1979ರಲ್ಲಿ ಗಂಜಾಂ ಜಿಲ್ಲೆಯಲ್ಲಿ ಅವರ ಮುಂದಾಳತ್ವದಲ್ಲಿ ‘ಗ್ರಾಮ ವಿಕಾಸ’ ಸಂಸ್ಥೆ ಹುಟ್ಟಿತು.

ಆ ಜಿಲ್ಲೆಯ ಹಳ್ಳಿಗಳ ಜನರನ್ನು ಕಾಡುತ್ತಿದ್ದ ಕಾಯಿಲೆಗಳಲ್ಲಿ ಹೆಚ್ಚಿನವು ಕೊಳಕು ನೀರಿನಿಂದ ಬಂದವು. 1992ರಲ್ಲಿ ಐದು ಹಳ್ಳಿಗಳಲ್ಲಿ ಸಂಸ್ಥೆಯ ನೀರು-ಶೌಚಾಲಯದ ಕೆಲಸ ಶುರುವಾದಾಗ ಒಂದು ಕಟ್ಟುನಿಟ್ಟಿನ ಷರತ್ತು ಇತ್ತು: ಊರಿನ ಎಲ್ಲ ಮನೆಗಳೂ ಸೇರಬೇಕು, ಇಲ್ಲವೇ ಯಾರಿಗೂ ಇಲ್ಲ. ಪ್ರತಿ ಮನೆಗೂ ಶೌಚಾಲಯ, ಸ್ನಾನದ ಕೋಣೆ. ಶೌಚಾಲಯಕ್ಕೊಂದು, ಸ್ನಾನದ ಕೋಣೆಗೊಂದು, ಅಡುಗೆಮನೆಗೊಂದು ನಲ್ಲಿ. ಒಂದೇ ಒಂದು ಮನೆಯವರು ಬಯಲಿಗೆ ಹೋದರೂ ಊರಿನ ನೀರೆಲ್ಲ ಕೆಡುತ್ತದಲ್ಲ!

ಈ ಷರತ್ತು ನನಗೆ ತುಂಬ ದೊಡ್ಡದೆನಿಸುತ್ತದೆ. ಬಾವಿಯ ಹತ್ತಿರವೂ ಬರಗೊಡದೆ ದೂರವಿಟ್ಟಿದ್ದ ಕೇರಿಗೂ ಮೇಲ್ಜಾತಿಯವರ ಬೀದಿಗೂ ಈಗ ಒಂದೇ ಟ್ಯಾಂಕಿನ ನೀರು. ಇದಕ್ಕೆ ಒಪ್ಪಿಸಲು ಎಷ್ಟೋ ಸಭೆಗಳು, ಎಷ್ಟೋ ಜಗಳಗಳು, ಕೆಲವು ಊರುಗಳಲ್ಲಿ ವರ್ಷಗಟ್ಟಲೆ ಕಾಯುವಿಕೆ. ಆತುರದ ದಾನದಿಂದ ಆಗದ ಕೆಲಸವನ್ನು ಈ ತಾಳ್ಮೆ ಮಾಡಿತು.

ಹಣದ ಏರ್ಪಾಡಿನಲ್ಲೂ ಎಲ್ಲ ಮನೆಗಳೂ ಸೇರಬೇಕು. ಮನೆಗೆ ಸರಾಸರಿ 1000 ರೂಪಾಯಿಯಂತೆ ಊರಿನ ನಿಧಿ ಕೂಡಿಸಲಾಯಿತು; ಉಳ್ಳವರು ಹೆಚ್ಚು ಕೊಟ್ಟರು, ಇಲ್ಲದವರು ಕೈಲಾದಷ್ಟು. ಅಸಲನ್ನು ಮುಟ್ಟುವಂತಿಲ್ಲ. ಮದುವೆಯಾಗಿ ಬೇರೆ ಸಂಸಾರ ಹೂಡುವವರಿಗೂ ಅದರ ಬಡ್ಡಿಯ ನೆರವಿನಿಂದ ಅದೇ ಶೌಚಾಲಯ, ಅದೇ ಬಚ್ಚಲು, ಅದೇ ಮೂರು ನಲ್ಲಿ.