ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷು



ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರಿನಲ್ಲಿ ಮಗುವಿಗೆ ಇಂಗ್ಲಿಷಿನ ಒಡನಾಟ ದೊರೆಯುವುದು ಬಹುಮಟ್ಟಿಗೆ ಶಾಲೆಯಲ್ಲಿ ಮಾತ್ರ. ಮನೆಯಲ್ಲಾಗಲಿ ಹೊಲದಲ್ಲಾಗಲಿ ಅದರ ಬಳಕೆಯಿಲ್ಲ. ನಮ್ಮ ರಾಜ್ಯದಲ್ಲಿ 2007-08ರಿಂದ ಇಂಗ್ಲಿಷು ಒಂದನೆಯ ತರಗತಿಯಿಂದಲೇ ಭಾಷಾವಿಷಯವಾಯಿತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಅದು ಬೇಕೋ ಬೇಡವೋ ಎಂಬ ಚರ್ಚೆ ಒತ್ತಟ್ಟಿಗಿರಲಿ. ಮಗು ಬಂದು ಕುಳಿತಿದೆ. ಅದನ್ನು ಕೈಹಿಡಿದು ನಡೆಸುವುದು ಹೇಗೆ?

ಮೊದಲು ಅದರ ತೊಡಕನ್ನು ಅರಿಯಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ‘ಶಾಲೆಗೆ’ ಎಂದು ನಾವು ಪ್ರತ್ಯಯವನ್ನು ಪದದ ಕೊನೆಗೆ ಹಚ್ಚುತ್ತೇವೆ. ‘ಟು ಸ್ಕೂಲ್’ ಎಂದು ಅವರು ಮೊದಲೇ ಇಡುತ್ತಾರೆ. ಹೀಗಾಗಿ ‘ಐ ಸ್ಕೂಲ್ ಗೋ’ ಎಂದ ಮಗು ದಡ್ಡನಲ್ಲ. ಅದು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ನಕ್ಕು ಕೂರಿಸಿದರೆ ಅದರ ಬಾಯಿ ಮುಚ್ಚೀತು. ‘ಹೌದು, ಯು ಗೋ ಟು ಸ್ಕೂಲ್’ ಎಂದು ಗುರುಗಳು ಸರಿಯಾದ ರೂಪವನ್ನು ಸಹಜವಾಗಿ ಮರಳಿಸಿದರೆ, ಕಿವಿ ತಾನೇ ತಿದ್ದಿಕೊಂಡೀತು.

ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರುವಾಸಿಯಾದುದು. ಪಾಠವನ್ನು ಅಲ್ಲಿಂದಲೇ ತೊಡಗಬಹುದು. ಕಟ್ಟಿಗೆ, ಬಣ್ಣ, ಅದರಲ್ಲಿ ಮಲಗುವ ಕೂಸು, ಇವನ್ನೆಲ್ಲ ಮಕ್ಕಳು ಮೊದಲು ಕನ್ನಡದಲ್ಲಿಯೇ ವರ್ಣಿಸಲಿ. ಅನಂತರ ನಾಲ್ಕೈದು ಇಂಗ್ಲಿಷ್ ಪದಗಳನ್ನು ಕೊಟ್ಟು, ‘ದ ಕ್ರೇಡಲ್ ಈಸ್ ರೆಡ್’ ಎಂಬ ಒಂದು ವಾಕ್ಯದ ಅಚ್ಚಿನಲ್ಲಿ ಬಣ್ಣ ಬದಲಿಸುತ್ತ ಜೋಡಿ ಜೋಡಿಯಾಗಿ ಮಾತನಾಡಿಸಲಿ. ಅರ್ಥ ಮೊದಲು, ಮಾತು ಆಮೇಲೆ, ಬರಹ ಕಡೆಗೆ. ಗಣಿತವನ್ನು ಇಂಗ್ಲಿಷಿನಲ್ಲಿ ಕಲಿಸುವಲ್ಲಿ ಈ ಕ್ರಮ ಇನ್ನೂ ಅವಶ್ಯ. ರೊಟ್ಟಿ ಮುರಿದು ‘ಅರ್ಧ’ವನ್ನು ತಿಳಿದ ಮಗುವಿಗೆ ‘ಹಾಫ್’ ಎಂಬುದು ಹೊಸ ಹೆಸರು ಮಾತ್ರ. ತಿಳಿಯದ ಮಗುವಿಗೆ ಹೆಸರೂ ಹೊಸದು, ವಿಷಯವೂ ಹೊಸದು.

ಕೆಲವು ಮಕ್ಕಳು ತಿಂಗಳುಗಟ್ಟಲೆ ಇಂಗ್ಲಿಷಿನಲ್ಲಿ ತುಟಿ ಬಿಚ್ಚರು. ಆ ಮೌನ ಅಜ್ಞಾನವಲ್ಲ. ‘ಡೋರ್’ ಎಂದಾಗ ಬಾಗಿಲಿನತ್ತ ಬೆರಳು ಮಾಡಿದ ಮಗು ಕಲಿಯುತ್ತಿದೆಯೆಂದೇ ತಿಳಿಯಬೇಕು. ಲಂಬಾಣಿ ತಾಂಡಾದ ಮಗುವಿಗೂ ಉರ್ದು ಮನೆಮಾತಿನ ಮಗುವಿಗೂ ಇಂಗ್ಲಿಷು ಮೂರನೆಯ ಭಾಷೆ. ‘ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ?’ ಎಂದು ಗುರುಗಳು ಒಮ್ಮೆ ಕೇಳಿದರೆ ಆ ಮಗುವಿನ ಮುಖವೂ ಅರಳುತ್ತದೆ.

ತರಗತಿಯಲ್ಲಿ ಕನ್ನಡವಾಡಿದವರಿಗೆ ದಂಡ ಹಾಕುವುದರಿಂದ ಇಂಗ್ಲಿಷು ಬಾರದು. ತಾಯಿಯ ಮಾತಿನ ಬಗೆಗೆ ನಾಚಿಕೆ ಮಾತ್ರ ಬಂದೀತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ. ಕೃ. ಗೋಕಾಕರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. ಕನ್ನಡದ ಕವಿಗಳಾಗಿ 1990ರ ಜ್ಞಾನಪೀಠ ಪ್ರಶಸ್ತಿಯನ್ನೂ ಪಡೆದರು. ಒಂದು ಭಾಷೆ ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಕನ್ನಡದ ಮೆಟ್ಟಿಲನ್ನು ಕಿತ್ತು ಇಂಗ್ಲಿಷಿನ ಅಟ್ಟವನ್ನು ಏರೆಂದು ನಮ್ಮ ಮಕ್ಕಳಿಗೆ ಹೇಳದಿರೋಣ.